ಶುಕ್ರವಾರದ ಹಡಗು ಮತ್ತು ನಮ್ಮ ಶಿವಲೀಲಾ ಅಕ್ಕ

ಇಲ್ಲ... ನಂಬಲು ಆಗುತ್ತಿಲ್ಲ.
ನಿನ್ನೆ ಸಂಜೆ ನನಗೆ ಚೆನ್ನಾಗಿ ಬೈದು ಮನೆಗೆ ಹೋದವರು...
ಇವತ್ತು ಇಲ್ಲ ಎಂದರೆ ಹೇಗೆ ನಂಬಲಿ?

ಬೆಳಿಗ್ಗೆ ಅವರ ತಂಗಿ ಫೋನ್ ಮಾಡಿದರು.
"ಮೇಘನಾ... ಅಕ್ಕ ಏಳಲೇ ಇಲ್ಲವ್ವಾ..."
ನಿದ್ದೆಯಲ್ಲೇ ಹಾರ್ಟ್ ಅಟ್ಯಾಕ್ ಆಗಿತ್ತಂತೆ.

ಮೂರು ವಾರದಿಂದ ನನ್ನ ಈ ಪೇಜ್ ತುಂಬ ಮದುವೆ ಫೋಟೋಗಳು, ಬೆಸೆಂಟ್ ನಗರದ ಬೀಚ್, ಗಂಡ ಕಾರ್ತಿಕ್ ಸೀದುಹಾಕಿದ ದೋಸೆ... ಎಲ್ಲದಕ್ಕೂ ನೀವು ಹಾರ್ಟ್ ಒತ್ತಿದ್ದೀರಿ.
ಇವತ್ತು ಒಂದೇ ಒಂದು ಫೋಟೋ.
ಹಣೆಯಲ್ಲಿ ವಿಭೂತಿ, ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ಕತ್ತರಿ.
ಇವರೇ ನಮ್ಮ ಶಿವಲೀಲಾ ಅಕ್ಕ. ಅಂಬತ್ತೂರಿನ ನಮ್ಮ ಎಕ್ಸ್‌ಪೋರ್ಟ್ ಫ್ಯಾಕ್ಟರಿಯಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದವರು. ಇಷ್ಟು ವರ್ಷ ಚೆನ್ನೈನಲ್ಲಿದ್ದರೂ ಧಾರವಾಡದ ಮಾತು ಬಿಡದವರು.

ಅವರ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ತಪ್ಪು ಬರೆಯಬೇಕು...

ವಿದೇಶದ ಬಯ್ಯರ್ ಶರ್ಟಿನ ಬಣ್ಣ ಒಪ್ಪಿದರೆ, ಅಂಗೈಯಗಲದ ಒಂದು ಬಟ್ಟೆಯ ತುಂಡಿಗೆ ಸಹಿ ಹಾಕಿ ಕಳಿಸುತ್ತಾರೆ. ಅದು ಈರೋಡಿನ ಡೈಯಿಂಗ್ ಯೂನಿಟ್‌ಗೆ ತಲುಪಿದ ಮೇಲೆಯೇ ಬಣ್ಣ ಹಾಕುವ ಕೆಲಸ ಶುರು.
ಮದುವೆಗೆ ಮೊದಲು ಆ ತುಂಡು ಈರೋಡಿಗೆ ಕಳಿಸಲೆಂದು ನನ್ನ ಕೈಗೆ ಬಂತು. ಎಳೆ ಮಾವಿನಕಾಯಿಯ ಹಸಿರು... ಎಷ್ಟು ಚಂದ ಗೊತ್ತಾ!
ನನ್ನ ರಿಸೆಪ್ಷನ್ ಬ್ಲೌಸ್ ಇದೇ ಬಣ್ಣದಲ್ಲಿ ಇರಬೇಕು ಎಂದು ಟಿ. ನಗರದ ಟೈಲರ್‌ಗೆ ತೋರಿಸಲು ಒಯ್ದೆ.
ಅಲ್ಲೇ ಬಿಟ್ಟುಬಂದೆ!

ನಾಲ್ಕು ದಿನ ಈರೋಡಿನವರು ಸುಮ್ಮನೆ ಕೂತರು. ನಾನು ಕಳಿಸಿದ್ದೇನೆ ಎಂದು ಎಲ್ಲರೂ ತಿಳಿದಿದ್ದರು. ನಾನು ಮೆಹಂದಿ ಡಿಸೈನ್ ನೋಡುತ್ತಿದ್ದೆ.

ವಿಷಯ ತಿಳಿದ ಅಕ್ಕ ತಾವೇ ಬಸ್ ಹತ್ತಿ ಟೈಲರ್ ಹತ್ತಿರ ಹೋದರು. ಮದುವೆ ಹೆಣ್ಣಿನ ಬ್ಲೌಸ್ ಮುಗಿಯುವವರೆಗೆ ತುಂಡು ಕೊಡುವುದಿಲ್ಲ ಎಂದನಂತೆ ಆತ. ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು, ಬ್ಲೌಸನ್ನೂ ತುಂಡನ್ನೂ ಒಟ್ಟಿಗೆ ತಂದರು.
"ತಗೋ. ಶರ್ಟಿಗೂ ನಿನಗೂ ಒಂದ ಬಣ್ಣ. ದೃಷ್ಟಿ ತೆಗೆಯೂದಾದ್ರ ಇಬ್ಬರಿಗೂ ತೆಗಿ."
ಅಷ್ಟೇ ಬೈಗುಳ!

ಆದರೆ ನಮ್ಮ ಎಂ.ಡಿ. ಸಾರ್ ಕೈಚೆಲ್ಲಿ ಕೂತಿದ್ದರು. ನಾಲ್ಕು ದಿನ ಹೋಯಿತು, ಹಡಗು ತಪ್ಪುತ್ತದೆ, ನಷ್ಟವಾದರೂ ವಿಮಾನದಲ್ಲೇ ಕಳಿಸಬೇಕು, ಹೀಗೇ ಆದರೆ ಬಯ್ಯರ್ ಬೇರೆ ದೇಶಕ್ಕೆ ಹೋಗುತ್ತಾರೆ ಎಂದರು.
ಅಕ್ಕ ಒಪ್ಪಲಿಲ್ಲ. ಇದೊಂದು ಆರ್ಡರ್ ನನ್ನ ರೀತಿಯಲ್ಲಿ ನಡೆಯಲಿ, ಶುಕ್ರವಾರದ ಹಡಗಿಗೆ ಹತ್ತಿಸುತ್ತೇನೆ; ಹತ್ತಿಸಿದರೆ ಫ್ಯಾಕ್ಟರಿಯೆಲ್ಲ ಹೀಗೇ ನಡೆಯಬೇಕು ಎಂದರು.
"ಶಿವಲೀಲಾ, ನೀವಿದ್ದರೆ ನಡೆಯುತ್ತದೆ. ನೀವಿಲ್ಲದ ದಿನ?" ಎಂದು ಸಾರ್ ಕೇಳಿದ್ದರು.

ಆ ಶುಕ್ರವಾರ ಎಂದರೆ... ಈ ಶುಕ್ರವಾರ.

ಅಕ್ಕಾ... ನೀವು ಮಾಡಿದ್ದು ಎಷ್ಟು ಸರಳ!
ಬಣ್ಣದ ತುಂಡು ವಾಪಸ್ ಬಂದ ದಿನವೇ ಅದನ್ನು ನಾಲ್ಕಾಗಿ ಕತ್ತರಿಸಿದಿರಿ. ಈರೋಡಿಗೆ, ಕಟಿಂಗ್‌ಗೆ, ಚೆಕಿಂಗ್‌ಗೆ, ಫೈಲಿಗೆ.
ಹೊಲಿಗೆಯ ಲೈನ್ ಪಕ್ಕದಲ್ಲಿ ಒಂದು ಬಿಳಿ ಬೋರ್ಡ್ ತೂಗುಹಾಕಿದಿರಿ. ಬಟ್ಟೆ, ನೂಲು, ಗುಂಡಿ, ಲೇಬಲ್, ಡಬ್ಬ... ಯಾರ ಕೈಗೆ ಬಂತೋ ಅವರೇ ಗುರುತು ಹಾಕಬೇಕು. ಪ್ಯಾಕಿಂಗ್ ಡಬ್ಬ ಬಿಟ್ಟು ಉಳಿದದ್ದೆಲ್ಲ ಬರದೆ ಕಟಿಂಗ್ ಇಲ್ಲ. ಕತ್ತರಿಸಿದ ಮೇಲೆ ಗುಂಡಿಗಾಗಿ ಕಾಯುವುದೂ ಇಲ್ಲ.
ಬೋರ್ಡ್ ನೋಡಿಕೊಳ್ಳುವ ಕೆಲಸ ಯಾರಿಗೆ ಕೊಟ್ಟಿರಿ?
ತುಂಡು ಕಳೆದ ನನಗೆ!

ನಿನ್ನೆ ನಾನು ಡಬ್ಬದ ಎದುರು 'ಆಲ್‌ಮೋಸ್ಟ್' ಎಂದು ಬರೆದದ್ದಕ್ಕೆ ಕೆಂಡವಾದಿರಿ.
"ಆಲ್‌ಮೋಸ್ಟ್ ಅಂದ್ರ ಏನವ್ವಾ? ಅರ್ಧ ಡಬ್ಬಿಯೊಳಗ ಅಂಗಿ ಹಾಕಿ ಕಳಸ್ತೀಯೇನು? ಬಂದದೋ, ಬಂದಿಲ್ಲೋ... ಅಷ್ಟ ಬರಿ!"
ನಾನು ಮುಖ ಊದಿಸಿಕೊಂಡು ಹೋದೆ. ಬೈ ಕೂಡ ಹೇಳಲಿಲ್ಲ ಅಕ್ಕಾ... ಸಾರಿ...

ಇವತ್ತು ಅಣ್ಣಾ ನಗರದ ಅವರ ಮನೆಯ ಮುಂದೆ ನಮ್ಮ ಲೈನಿನ ಹೆಂಗಸರೆಲ್ಲ ನಿಂತಿದ್ದರು. ಸಾರ್ ಕಣ್ಣೊರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು.
"ಬಯ್ಯರ್‌ಗೆ ಮೇಲ್ ಹಾಕಮ್ಮಾ. ಒಂದು ವಾರ ಕೇಳು. ಇಂಥ ಸಮಯದಲ್ಲಿ ಇಲ್ಲ ಎನ್ನಲಾರರು."
ನಾನು ಫೋನ್ ತೆಗೆದು ಟೈಪ್ ಮಾಡತೊಡಗಿದೆ.

ಸೂಪರ್‌ವೈಸರ್ ಸೆಲ್ವಿ ಪಕ್ಕದಲ್ಲಿದ್ದಳು. ಅವಳದು ಅಕ್ಕನಿಂದ ಕಲಿತ ಕನ್ನಡ, ಅದೂ ಧಾರವಾಡದ್ದು.
"ಯಾಕ ಮ್ಯಾಡಂ ಟೈಮ್ ಕೇಳ್ತೀರಿ? ಬೋರ್ಡ್‌ನಾಗ ಏನು ಬಾಕಿ?"
"ಡಬ್ಬ ಬೆಳಿಗ್ಗೆ ಬಂತಂತೆ. ಇನ್ನು ಪ್ಯಾಕಿಂಗ್ ಮಾತ್ರ..."
"ಪ್ಯಾಕಿಂಗ್ ಅಕ್ಕಾವರು ಮಾಡ್ತಿದ್ದರೇನು?"
"ಇಲ್ಲ... ನೀವೇ ಮಾಡುವುದು."
"ಅಪ್ಪೊರಂ ಎನ್ನ ಮ್ಯಾಡಂ, ಮತ್ತೇನು? ನಾವು ಇದ್ದೀವಲ್ಲ!"

ಅತ್ತು ಅತ್ತು ಅವಳ ಕಣ್ಣು ಕೆಂಪಗಾಗಿತ್ತು. ಆದರೂ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಳು.
ನಾನು ಸಾರ್ ಕಡೆ ನೋಡಿದೆ. ಅವರು ಆಗಲಿ ಎಂದು ತಲೆಯಾಡಿಸಿದರು.

ಟೈಪ್ ಮಾಡಿದ್ದನ್ನೆಲ್ಲ ಅಳಿಸಿದೆ. ಎರಡೇ ಸಾಲು ಬರೆದೆ.
ನಮ್ಮ ಶಿವಲೀಲಾ ಇಂದು ಬೆಳಿಗ್ಗೆ ತೀರಿಕೊಂಡರು.
ನಿಮ್ಮ ಶರ್ಟ್‌ಗಳು ಶುಕ್ರವಾರದ ಹಡಗಿನಲ್ಲಿ ಹೊರಡುತ್ತವೆ.
ಕಳಿಸಿಬಿಟ್ಟೆ.

ಇವತ್ತು ಸಂಜೆ ಅಕ್ಕನನ್ನು ಮಣ್ಣಿಗೆ ಒಪ್ಪಿಸುತ್ತೇವೆ.
ನಾಳೆ ಬೆಳಿಗ್ಗೆ ಎಂಟಕ್ಕೆ ಪ್ಯಾಕಿಂಗ್ ಶುರು. ಎಲ್ಲರೂ ಬರುತ್ತೇವೆ ಎಂದಿದ್ದಾರೆ. ಯಾರನ್ನೂ ನಾನು ಕೇಳಬೇಕಾಗಲಿಲ್ಲ.

ಶಿವನೇ, ನಮ್ಮ ಅಕ್ಕನ ಜೀವವನ್ನು ತಣ್ಣಗೆ ಇಡಪ್ಪಾ...
ಹೋಗಿ ಬನ್ನಿ ಅಕ್ಕಾ. 🙏