ಹನುಮವ್ವನ ಸ್ಕೂಟರಿನ ನಾಲ್ಕು ತಿಂಗಳ ನಿದ್ದೆ

ಗೋರೆಗಾಂವಿನ ನಮ್ಮ ಚಾಳಿನಲ್ಲಿ, ಸಾಲುಮನೆಗಳ ಈ ವಠಾರದಲ್ಲಿ, ಮಳೆಗಾಲ ಬಂದರೆ ಮೆಟ್ಟಿಲ ಕೆಳಗಿನ ಜಾಗ ದೇವರ ಕೋಣೆಯಂತಾಗುತ್ತದೆ. ಅಲ್ಲಿ ಹನುಮವ್ವನ ಸ್ಕೂಟರ್ ಮಲಗಿರುತ್ತದೆ. ಹಿಂದಿನ ಗಾಲಿಯ ಎರಡೂ ಬದಿಗೆ ಒಂದೊಂದು ಚಿಕ್ಕ ಗಾಲಿ ಜೋಡಿಸಿದ ಹಳೆಯ ಸ್ಕೂಟರ್ ಅದು. ಅದರ ಪಕ್ಕದಲ್ಲಿ ಹಾದು ಮೆಟ್ಟಿಲು ಹತ್ತುವವರು ತಮಗೆ ತಿಳಿಯದೆಯೇ ದನಿ ತಗ್ಗಿಸುತ್ತಾರೆ. ನಾನೂ ತಗ್ಗಿಸಿದ್ದೇನೆ.

ಹನುಮವ್ವ ವಿಜಯಪುರದ ಕಡೆಯವಳು. ಮೂರನೆಯ ವರ್ಷಕ್ಕೆ ಜ್ವರ ಬಂದು ಎಡಗಾಲು ಸೊರಗಿತು. ಈಗ ಐವತ್ತೆರಡು. ಕೂತಲ್ಲೇ ಜೋಳದ ರೊಟ್ಟಿ ಬಡಿದು, ಹನ್ನೊಂದರ ಹೊತ್ತಿಗೆ ಬುಟ್ಟಿ ಕಟ್ಟಿಕೊಂಡು, ಬಿಲ್ಡಿಂಗ್ ಕಟ್ಟುವಲ್ಲಿ ದುಡಿಯುವ ತನ್ನ ಊರ ಕಡೆಯ ಜನರಿಗೆ ಕೊಟ್ಟು ಬರುತ್ತಾಳೆ. ಸ್ಕೂಟರ್ ಬರುವ ಮೊದಲು ಅವಳು ಹೋದಲ್ಲೆಲ್ಲ ಯಾರಾದರೂ ಕರೆದುಕೊಂಡು ಹೋಗಿದ್ದೇ. ಚಿಕ್ಕಂದಿನಲ್ಲಿ, ಒಂದೇ ವರ್ಷಕ್ಕೆ ಚಿಕ್ಕವನಾದ ತಮ್ಮ ಧರ್ಮಣ್ಣ ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದನಂತೆ. ಅವನು ಈಗ ಬೊರಿವಲಿಯಲ್ಲಿ ಗೌಂಡಿ ಮೇಸ್ತ್ರಿ.

ಮೂರು ವರ್ಷದ ಹಿಂದೆ ಮಳೆ ನೀರು ತುಂಬಿದ ಗಲ್ಲಿಯಲ್ಲಿ ಬದಿಯ ಗಾಲಿ ಹೊಂಡಕ್ಕಿಳಿದು ಅವಳು ಮಗುಚಿ ಬಿದ್ದಳು. ಅಂದಿನಿಂದ ಮಳೆಗಾಲದಲ್ಲಿ ಗಾಡಿ ಹೊರಗೆ ತೆಗೆಯುವುದಿಲ್ಲ ಎಂದು ತಮ್ಮನಿಗೆ ಮಾತು ಕೊಟ್ಟಿದ್ದಾಳೆ. ಆ ಮಾತನ್ನು ಅವಳು ತನ್ನದೇ ರೀತಿಯಲ್ಲಿ ವ್ರತ ಮಾಡಿಕೊಂಡಳು. ಆಷಾಢ ಏಕಾದಶಿಗೆ ವಿಠ್ಠಲ ಮಲಗುತ್ತಾನೆ, ಕಾರ್ತಿಕ ಏಕಾದಶಿಗೆ ಏಳುತ್ತಾನೆ. ಗಾಡಿಯೂ ಹಾಗೆಯೇ.

ಮಲಗಿಸುವ ಕೆಲಸ ನೋಡಬೇಕು. ಮೊದಲು ತೊಳೆದು, ತನ್ನ ಮನೆಯ ಟೇಬಲ್ ಫ್ಯಾನ್ ತಂದಿಟ್ಟು ಎರಡು ದಿನ ಒಣಗಿಸುತ್ತಾಳೆ. ತೇವ ಕೂರದಂತೆ ಟ್ಯಾಂಕು ಬಾಯಿಮಟ ತುಂಬಿಸುತ್ತಾಳೆ. ಬ್ಯಾಟರಿ ಬಿಚ್ಚಿ ಒಳಗೆ ಹಲಗೆಯ ಮೇಲೆ ಇಡುತ್ತಾಳೆ. ಇಲಿ ಹೋಗದಂತೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುತ್ತಾಳೆ. ಬದಿಯ ಗಾಲಿಗಳ ನಟ್ಟುಗಳಿಗೆ ಗ್ರೀಸು. ಕೊನೆಗೆ ಹಳೆಯ ಇಳಕಲ್ ಸೀರೆ ಹೊದಿಸಿ, ಮೇಲೊಂದು ತಾಡಪತ್ರಿ, ಹ್ಯಾಂಡಲಿಗೆ ಕುಂಕುಮ. ಆಮೇಲೆ ನಾಲ್ಕು ತಿಂಗಳು ಕೈ ಮುಟ್ಟಿಸುವುದಿಲ್ಲ.

ತಪ್ಪು ಅಲ್ಲಿಯೇ ಇತ್ತು.

ಕಳೆದ ವರ್ಷ ಕಾರ್ತಿಕ ಏಕಾದಶಿಗೆ ಸೀರೆ ಸರಿಸಿದರೆ ಗಾಡಿ ಏಳಲಿಲ್ಲ. ನಿಂತಲ್ಲೇ ನಿಂತ ಟೈರು ಅಡಿಯಲ್ಲಿ ಚಪ್ಪಟೆಯಾಗಿ ಸೀಳಿತ್ತು. ಬ್ರೇಕು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಎಂಜಿನ್ ಜಪ್ಪಯ್ಯ ಅಂದರೂ ಏಳಲಿಲ್ಲ. ರಸ್ತೆ ಕೂಡುವ ನಾಕಾದ ಮೆಕ್ಯಾನಿಕ್ ದೂಜಣ್ಣನಿಗೆ ಅದನ್ನು ಸರಿಮಾಡಲು ಮೂರು ವಾರ ಹಿಡಿಯಿತು. ಧರ್ಮಣ್ಣ ಅಂದೇ ಹೇಳಿಬಿಟ್ಟ.

"ಅಕ್ಕಾ, ಬರೋ ವರ್ಷ ಇದು ಏಳಲಿಲ್ಲಂದ್ರ ಗುಜರಿಯವಗ ಕೊಟ್ಟು ನೀ ಬೊರಿವಲಿಗೆ ಬಂದುಬಿಡು. ನಾ ನೋಡಕೋತೀನಿ. ಎಷ್ಟ ದಿನಾಂತ ಬೀದಿ ಸುತ್ತತಿ?"

ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಹನುಮವ್ವನಿಗೆ ಇಲ್ಲ ಅನ್ನಲಾಗಲಿಲ್ಲ. ಹೂಂ ಅಂದಳು. ಆಮೇಲೆ ಪಕ್ಕದ ಮನೆಯ ನನ್ನ ಬಳಿ, "ಅವನ ಮನ್ಯಾಗ ಉಣ್ಣಾಕ ಕಡಿಮಿಲ್ಲರೀ ಬಾಯಾರ. ಆದ್ರ ಅಲ್ಲಿ ಹೋದ್ರ ನಾ ಮತ್ತ ಹೊರಸಿಕೊಳ್ಳೂದ ಆಗತೈತಿ" ಅಂದಳು.

ಈ ವರ್ಷವೂ ಆಷಾಢಕ್ಕೆ ಮಲಗಿಸಿದಳು. ರೊಟ್ಟಿಯನ್ನು ಗಿರಾಕಿಗಳೇ ಬಂದು ಒಯ್ಯುತ್ತಿದ್ದರು. ಮಧ್ಯಾಹ್ನ ಮಳೆ ಸುರಿಯುವಾಗ ಬಾಗಿಲಲ್ಲಿ ಕೂತು ಆ ಹೊದಿಕೆಯನ್ನು ನೋಡುತ್ತಿದ್ದಳು. ಒಮ್ಮೆ ಹಾಗೇ ಜೊಂಪು ಹತ್ತಿ ಕನಸು ಬಿತ್ತಂತೆ. ರಸ್ತೆಯೆಲ್ಲ ನೀರು, ಅದರ ಮೇಲೆ ಅವಳ ಸ್ಕೂಟರು ಗಾಲಿ ತೊಯ್ಯದೆ ಹೋಗುತ್ತಿದೆ, ಹಿಂದೆ ಬುಟ್ಟಿಯಲ್ಲಿ ರೊಟ್ಟಿ ಇನ್ನೂ ಬಿಸಿಯಿದೆ. ಎಚ್ಚರವಾದಾಗ ಅಂಗೈ ಮುಷ್ಟಿ ಹಿಡಿದೇ ಇತ್ತು, ಹ್ಯಾಂಡಲ್ ಹಿಡಿದ ಹಾಗೆ.

ಭಾದ್ರಪದದಲ್ಲಿ, ಗಣಪತಿಯ ದಿನಗಳು ಮುಗಿಯುತ್ತ ಬಂದಾಗ, ದೂಜಣ್ಣ ಚಾಳಿಗೆ ಪ್ರಸಾದಕ್ಕೆಂದು ಬಂದ. ಕಾರ್ಕಳದ ಕಡೆಯವನು, ನಾಲಿಗೆ ಸ್ವಲ್ಪ ಹರಿತ. ಮೆಟ್ಟಿಲ ಕೆಳಗೆ ನೋಡಿ ನಿಂತ.

"ಹನುಮಕ್ಕ, ಹದಿನೈದು ದಿನಕ್ಕೊಮ್ಮೆ ಗಾಲಿ ತಿರುಗಿಸಬೇಕು ಅಂತ ಬಡ್ಕೊಂಡಿದ್ದೆ. ತಿರುಗಿಸಿದ್ರಾ?"

"ಮಲಗಿದ್ದನ್ನ ಎಬ್ಬಿಸಬಾರದರೀ ದೂಜಣ್ಣ."

"ಯಾರು ಮಲಗಿದ್ದು? ಗಾಡಿಯಾ, ದೇವರಾ?"

"ಇಬ್ಬರೂನೂ."

"ಅಲ್ಲ ಮಾರಾಯ್ತಿ, ನಿಮ್ಮ ದೇವರು ನಾಲ್ಕು ತಿಂಗಳು ಒಂದೇ ಮಗ್ಗುಲಲ್ಲಿ ಮಲಗ್ತಾನಾ? ಅವನಿಗೆ ಬೆನ್ನು ಹಿಡಿಯುದಿಲ್ವಾ?"

ಅಲ್ಲಿದ್ದವರೆಲ್ಲ ನಕ್ಕರು. ಹನುಮವ್ವ ನಗಲಿಲ್ಲ. ಕೈಯಲ್ಲಿದ್ದ ಪ್ರಸಾದದ ಎಲೆ ಹಾಗೇ ನಿಂತಿತು.

"ಇವತ್ತ ಯಾವ ತಿಥಿರೀ?" ಎಂದು ನನ್ನನ್ನು ಕೇಳಿದಳು.

"ಏಕಾದಶಿ. ಪರಿವರ್ತಿನಿ" ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು. ನಿಧಾನವಾಗಿ ಹೇಳಿದಳು. ಅವಳ ತಾಯಿಯ ಬಳಿ ಹಿತ್ತಾಳೆಯ ಒಂದು ಚಿಕ್ಕ ವಿಠ್ಠಲ ಇತ್ತಂತೆ. ಆಷಾಢಕ್ಕೆ ಅದನ್ನು ಅರಿವೆಯಲ್ಲಿ ಸುತ್ತಿ ಮಲಗಿಸುವಳು. ಭಾದ್ರಪದದ ಈ ಏಕಾದಶಿಗೆ ಮೆಲ್ಲಗೆ ಇನ್ನೊಂದು ಬದಿಗೆ ಹೊರಳಿಸುವಳು, ಇಂದು ದೇವರು ಮಗ್ಗುಲು ಬದಲಿಸುತ್ತಾನೆ ಎನ್ನುವಳು. ಹನುಮವ್ವನಿಗೆ ಜ್ವರ ಬಂದು ಮೈ ಅಲ್ಲಾಡದೆ ಬಿದ್ದ ಆ ದಿನಗಳಲ್ಲೂ, ಬೆನ್ನು ಹುಣ್ಣಾಗಬಾರದೆಂದು ಅದೇ ಕೈಯಿಂದ ತಾಸಿಗೊಮ್ಮೆ ಮಗಳನ್ನು ಹೊರಳಿಸುತ್ತಿದ್ದಳಂತೆ.

"ಅವ್ವ ಎಬ್ಬಿಸತಿದ್ದಿಲ್ಲ. ಹೊರಳಿಸತಿದ್ಲು" ಎಂದಳು. "ನಾ ಎಂಥಾ ಹುಚ್ಚಿ! ದೂಜಣ್ಣಾ, ಹತ್ಯಾರ ತರ್ರಿ."

"ಈಗಲಾ? ಪ್ರಸಾದ ತಿನ್ಲಿಕ್ಕೂ ಬಿಡುದಿಲ್ಲ ನೀವು."

"ಹೊರಳಿಸಿದ ಮ್ಯಾಲ ತಿನ್ನರಿ."

ಹೊದಿಕೆ ತೆಗೆದರು. ಮುಂದಿನ ಗಾಲಿ ಅಲುಗಲಿಲ್ಲ. ದೂಜಣ್ಣ ಬ್ರೇಕಿನ ಡ್ರಮ್ಮಿಗೆ ಸುತ್ತಲೂ ಮೆಲ್ಲಗೆ ತಟ್ಟಿದ, ಕಿವಿಯಿಟ್ಟ, ಮತ್ತೆ ತಟ್ಟಿದ. ಕರ್ ಎಂದು ಗಾಲಿ ಬಿಟ್ಟಿತು. "ಇನ್ನೊಂದು ತಿಂಗಳು ಬಿಟ್ಟಿದ್ರೆ ಹೋದ ವರ್ಷದ್ದೇ ಕತೆ" ಎಂದ. ಎಲ್ಲ ಗಾಲಿಗಳನ್ನೂ ಅರ್ಧ ಸುತ್ತು ತಿರುಗಿಸಿ, ಹೊಸ ಭಾಗ ನೆಲಕ್ಕೆ ಬರುವಂತೆ ನಿಲ್ಲಿಸಿದ.

"ಎಂಜಿನ್ ಚಾಲೂ ಮಾಡಬ್ಯಾಡ್ರಿ" ಎಂದಳು ಹನುಮವ್ವ.

"ಆಯ್ತು, ಅದನ್ನೂ ಹೊರಳಿಸುವ." ಪ್ಲಗ್ ಬಿಚ್ಚಿ ಆ ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟ. "ಈಗ ಕಿಕ್ಕನ್ನು ಕೈಯಲ್ಲಿ ಒತ್ತಿ. ಮೆಲ್ಲ. ಮಗುವನ್ನು ತಟ್ಟಿದ ಹಾಗೆ."

ಅವಳು ನೆಲಕ್ಕೆ ಕೂತು ಎರಡೂ ಅಂಗೈಗಳಿಂದ ಒತ್ತಿದಳು. ಒಳಗಿನಿಂದ ಹೂಂ ಎಂಬ ಒಂದು ಮೃದುವಾದ ಸದ್ದು ಬಂತು. ನಿದ್ದೆಯಲ್ಲಿರುವವರು ಹೆಸರು ಕರೆದರೆ ಗುನುಗುವ ಹಾಗೆ. ಹೊರಗೆ ಢೋಲು ಬಡಿಯುತ್ತಿತ್ತು. ನಮಗೆ ಆ ಸದ್ದೊಂದೇ ಕೇಳಿದ ಹಾಗಿತ್ತು.

ಅಲ್ಲಿಂದ ಪ್ರತಿ ಏಕಾದಶಿಗೂ ಉಪವಾಸದ ಸಾಬುದಾಣಿ ನೆನೆಯಿಟ್ಟು ಅವಳು ಮೆಟ್ಟಿಲ ಕೆಳಗೆ ಕೂರುತ್ತಿದ್ದಳು. ದೂಜಣ್ಣ ಹೇಳಿದ ಹದಿನೈದು ದಿನ ಸರಿಯಾಗಿ ಏಕಾದಶಿಗೇ ಬರುತ್ತಿತ್ತು. ಗಾಲಿ ಅರ್ಧ ಸುತ್ತು, ಕಿಕ್ಕು ಮೂರು ಸಲ, ಒಂದು ನಮಸ್ಕಾರ.

ಕಾರ್ತಿಕ ಏಕಾದಶಿಯ ಬೆಳಿಗ್ಗೆ ಗಾಳಿಯಲ್ಲಿ ಸಣ್ಣ ಚಳಿಯಿತ್ತು. ಧರ್ಮಣ್ಣ ಮೊದಲ ಲೋಕಲ್ ರೈಲಿಗೇ ಬಂದಿದ್ದ. ಮನೆಯಲ್ಲಿ ಕಿಟಕಿ ಬದಿಗೆ ಅಕ್ಕನಿಗಾಗಿ ಮಂಚ ಹಾಕಿಸಿ ಬಂದಿದ್ದೇನೆ ಎಂದ. ಹನುಮವ್ವ ಗಾಡಿಯ ಮೇಲಿನ ಹೊದಿಕೆ ಸರಿಸಿದಳು. ದೂಜಣ್ಣ ಚಾರ್ಜ್ ಮಾಡಿ ತಂದ ಬ್ಯಾಟರಿ ಕೂರಿಸಿದ, ಸೈಲೆನ್ಸರಿನ ಬಟ್ಟೆ ಎಳೆದ. ಅವಳು ಏರಿ ಕೂತು ಬಟನ್ ಒತ್ತಿದಳು.

ಏನೂ ಇಲ್ಲ.

ಮತ್ತೆ ಒತ್ತಿದಳು. ಒಂದು ಕೆಮ್ಮು, ಮತ್ತೆ ಮೌನ.

"ಬಿಡಕ್ಕಾ" ಎಂದ ಧರ್ಮಣ್ಣ, ತೀರ ಮೆತ್ತಗೆ. "ಸಾಕಿನ್ನ."

"ಚೋಕ್ ಎಳೀರಿ ಹನುಮಕ್ಕ, ಚೋಕ್!" ಎಂದು ದೂಜಣ್ಣ ಕೂಗಿದ.

ಎಳೆದು ಒತ್ತಿದಳು. ಗಾಡಿ ನಡುಗಿತು, ಗೊಣಗಿತು, ಹಿಡಿದುಕೊಂಡಿತು. ಹಿಂದಿನಿಂದ ಬಿಳಿ ಹೊಗೆ ಎದ್ದು ಮೆಟ್ಟಿಲೇ ಕಾಣದಂತಾಯಿತು.

"ಅಕ್ಕಾ, ಇಳಿ! ಸುಡಾಕ್ಹತ್ತೈತಿ!"

"ಸುಡುದಲ್ಲ ಮೇಸ್ತ್ರಿಯವರೇ, ಒಳಗೆ ಬಿಟ್ಟ ಎಣ್ಣೆ ಅದು. ಈಗ ಹೋಗ್ತದೆ" ಎಂದು ದೂಜಣ್ಣ ನಕ್ಕ.

ಹೊಗೆ ತಿಳಿಯಾಗುವಷ್ಟರಲ್ಲಿ ಹನುಮವ್ವ ಗೇಟು ದಾಟಿದ್ದಳು. ರೊಟ್ಟಿಯ ಬುಟ್ಟಿ ಕಟ್ಟಿರಲಿಲ್ಲ. ಎಲ್ಲಿಗೆಂದು ಹೇಳಲಿಲ್ಲ. ಧರ್ಮಣ್ಣ ಗೇಟಿನ ಬಳಿ ನಿಂತೇ ಮೂರು ಚಹಾ ಕುಡಿದ. ಮುಕ್ಕಾಲು ತಾಸು ಕಳೆದು ಅವಳು ಬಂದಾಗ ಕೂದಲ ತುಂಬ ಗಾಳಿ, ಸೆರಗಿನಲ್ಲಿ ಯಾವುದೋ ಮರದ ಒಣ ಎಲೆ.

"ಎಲ್ಲಿಗೆ ಹೋಗಿದ್ದಿ?"

"ಆರೆ ರೋಡಿಗೆ. ಒಂದ ಗಿಡದ ಕೆಳಗ ನಿಂತು ಬಂದೆ."

"ಏನ ಕೆಲಸಿತ್ತು ಅಲ್ಲಿ?"

"ಏನೂ ಇರಲಿಲ್ಲೋ."

ಧರ್ಮಣ್ಣ ಅಕ್ಕನನ್ನು ನೋಡಿದ. ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟು, ಅಂಗಿಯ ಧೂಳು ಕೊಡವಿಕೊಂಡ.

"ಸ್ಟೇಷನ್ ತನಕ ಬಿಡತಿಯೇನು ನನ್ನ?"

"ಕೂಡು. ಗಟ್ಟಿ ಹಿಡಕೋ, ಅಂಜಬ್ಯಾಡ" ಎಂದಳು ಹನುಮವ್ವ.