ಹೊಲದಲ್ಲಿ ಹೂತ ಲೋಟಗಳು

ಮಹಾರಾಷ್ಟ್ರದ ಗಡಿಯೂರು ಅಕಿವಾಟದ ಜಯಪಾಲರ ಮಗಳು ಮನಾಲಿ ಕೊಲ್ಹಾಪುರದ ವಿದ್ಯಾಪೀಠದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಳು. ಕಬ್ಬಿನ ಹೊಲದಲ್ಲಿ ಹರಿದಾಡುವ ಹುಳಗಳನ್ನು ಎಣಿಸಿ ಪ್ರಬಂಧ ಬರೆಯಬೇಕಿತ್ತು. ಎಣಿಸುವುದೆಂದರೆ ಸುಮ್ಮನೆಯೇ? ಪ್ಲಾಸ್ಟಿಕ್ ಲೋಟಗಳನ್ನು ಬಾಯಿಮಟ್ಟ ಮಣ್ಣಿನಲ್ಲಿ ಹೂತು, ಸೋಪಿನ ನೀರು ಹಾಕಿ ಸಂಜೆ ಬಿಟ್ಟು ಬರಬೇಕು. ಜೇಡ, ಇರುವೆ, ಜೀರುಂಡೆ ಬಿದ್ದು ಸಾಯುತ್ತವೆ. ಬೆಳಿಗ್ಗೆ ಸೋಸಿ, ಎಣಿಸಿ, ಸ್ಪಿರಿಟ್ಟಿನ ಬಾಟಲಿಗೆ ತುಂಬಬೇಕು. ಅದೂ ಜೈನರ ಮನೆ, ಅದೂ ಚಾತುರ್ಮಾಸ, ಅದೂ ನೀರನ್ನು ಬಟ್ಟೆಯಲ್ಲಿ ಸೋಸದೆ ಬಾಯಿಗಿಡದ ಅಜ್ಜಿ ರಾಜಮತಿಯ ಕಣ್ಣೆದುರಿಗೆ!

"ಲೋಟ ಯಾಕ ಹೂಳಾಕತ್ತಿ ಮನಾಲಿ?" ಎಂದು ಅಜ್ಜಿ ಕೇಳಿದಾಗ, "ಮಳಿ ಅಳ್ಯಾಕ ಅಜ್ಜಿ" ಅಂದುಬಿಟ್ಟಳು. ಅಂದಿನಿಂದ ಮನೆಯಲ್ಲಿ ಅವಳ ಮಾತು ಕಡಿಮೆಯಾಯಿತು. ಹಾಸ್ಟೆಲಿನಲ್ಲಾದರೂ ಹೇಳಿಕೊಂಡು ಹಗುರಾಗೋಣವೆಂದರೆ, ಮೊದಲ ದಿನ ಅವಳು ಕಣ್ಣು ಮುಚ್ಚಿಕೊಂಡು ಬಾಟಲಿಗೆ ಹುಳ ಹಾಕಿದ್ದು ಕಂಡು ಗೆಳತಿಯರು ಬಿದ್ದುಬಿದ್ದು ನಕ್ಕಿದ್ದರು. "ಜೈನ್ ಆಹೇಸ್ ನಾ? ಮಗ್ ಹ್ಯಾ ವಿಷಯಾಲಾ ಕಶಾಲಾ ಆಲೀಸ್?" ಜೈನಳಾಗಿ ಈ ವಿಷಯಕ್ಕೆ ಯಾಕೆ ಬಂದೆ ಎಂದು ಅವರ ಮರಾಠಿ ಚುಚ್ಚು. ಯಾಕೆ ಬಂದಳು ಎಂದರೆ, ಇರುವೆಸಾಲು ದಾಟುವಾಗ ಕೈಹಿಡಿದು ನಿಲ್ಲಿಸಿ ಅದನ್ನು ನೋಡಲು ಕಲಿಸಿದ ಅಜ್ಜಿಯಿಂದಲೇ ಬಂದಳು. ಅದನ್ನು ಆ ಹುಡುಗಿಯರಿಗೆ ಹೇಗೆ ತಿಳಿಸಿ ಹೇಳುವುದು? 

ಬಾವಿಯ ಪಕ್ಕದ ಒಂದು ಎಕರೆಗೆ ಔಷಧಿ ಹೊಡೆಯಲು ಅಜ್ಜಿ ಎಂದೂ ಬಿಟ್ಟಿರಲಿಲ್ಲ. ಒಡ್ಡಿನಾಚೆಯ ಭೀಮಗೊಂಡ ಮಾತ್ರ ವಾರಕ್ಕೊಮ್ಮೆ ಪಂಪು ಹೆಗಲಿಗೇರಿಸುವವನು. ಎರಡೂ ಹೊಲಗಳಲ್ಲಿ ಹದಿನೈದು ಹದಿನೈದು ಲೋಟ. ಅಜ್ಜಿಯ ಮಣ್ಣಿನಲ್ಲೇ ಜೀವ ಹೆಚ್ಚು ಎಂದು ತೋರಿಸಬೇಕೆಂಬುದು ಮನಾಲಿಯ ಒಂದೇ ಆಸೆ. ಆದದ್ದು ತಿರುಗಾಮುರುಗಾ. ಭೀಮಗೊಂಡನ ಲೋಟಗಳಲ್ಲಿ ಹುಳ, ಅಜ್ಜಿಯ ಲೋಟಗಳಲ್ಲಿ ಬರೀ ನೀರು. ಗೈಡ್ ಆಬಾಸಾಹೇಬ ಸರ್ ಹುಬ್ಬೇರಿಸಿದರು. ಹತ್ತು ದಿನದಲ್ಲಿ ಸರಿಯಾದ ಅಂಕಿ ತರದಿದ್ದರೆ ವರ್ಷ ಹೋಯಿತೆಂದೇ ತಿಳಿ ಎಂದರು.

ಮರುದಿನ ನಸುಕಿಗೇ ಹೊಲಕ್ಕೆ ಹೋದಳು. ಅಜ್ಜಿ ಅಲ್ಲಿದ್ದಳು. ಎಪ್ಪತ್ತಾರರ ಮುದುಕಿ, ನೋಯುವ ಮೊಣಕಾಲನ್ನು ಮಣ್ಣಿಗೂರಿ, ಎಲೆಯ ತುದಿಯಿಂದ ಲೋಟದೊಳಗಿನ ಜೀರುಂಡೆಯನ್ನು ಎತ್ತುತ್ತಿದ್ದಳು.

"ಬಂದೇನ? ದಿನಾ ಇದರಾಗ ಹುಳ ಬಿದ್ದ ನಿನ್ನ ಮಳಿ ಲೆಕ್ಕ ಕೆಡಸತಾವ. ಜೀವ ಇದ್ದವನ್ನ ಬಿಡತೇನಿ, ಸತ್ತವಕ್ಕ ಮಣ್ಣ ಹಾಕತೇನಿ. ಭೀಮಗೊಂಡನ ಹೊಲಕ್ಕ ಹೋಗಿಲ್ಲವ್ವಾ, ಮಂದಿ ಹೊಲ."

ಮನಾಲಿ ಅಜ್ಜಿಯ ಪಕ್ಕ ಕುಕ್ಕರಿಸಿದಳು. "ಅವು ಸಾಯ್ಲಿ ಅಂತನ ಇಟ್ಟೇನಿ ಅಜ್ಜಿ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎತ್ತಿದ ಜೀರುಂಡೆಯನ್ನು ಒಡ್ಡಿನ ಹುಲ್ಲಿಗೆ ಬಿಟ್ಟು, "ನಿನ್ನ ಪರೀಕ್ಷಾಕ್ಕ ಇದು ಬೇಕ ಏನ?" ಎಂದಳು.

"ಬೇಕ ಅಜ್ಜಿ. ಇನ್ನ ಹತ್ತ ದಿವಸ."

"ನಾಳಿಂದ ನಾ ಬರೂದಿಲ್ಲ. ಎಷ್ಟ ಹೋದವು ಅಂತ ದಿನಾ ನನಗ ಹೇಳಬೇಕ. ಖರೇ ಹೇಳಬೇಕ."

ಮಾತಿಗೆ ತಪ್ಪದೆ ಅಜ್ಜಿ ಮನೆಯಲ್ಲೇ ಉಳಿದಳು. ಮನಾಲಿ ದಿನವೂ ಬೆಳಿಗ್ಗೆ ಅಜ್ಜಿಯ ಹೊಲದ ಸಂಖ್ಯೆ ಹೇಳುವಳು. ಅಜ್ಜಿ ಜಪಮಾಲೆ ಹಿಡಿದು, ಒಂದೊಂದು ಜೀವಕ್ಕೆ ಒಂಬತ್ತು ಸಲ ಣಮೋಕಾರ ಮಂತ್ರ ಹೇಳಿ ಮುಗಿಸುವ ತನಕ ಬಾಯಿಗೆ ಏನೂ ಇಡುತ್ತಿರಲಿಲ್ಲ. ಮೊದಲ ದಿನ ತೊಂಬತ್ತು, ಊಟ ಮಧ್ಯಾಹ್ನಕ್ಕಾಯಿತು. ಐದನೆಯ ದಿನ ನೂರಾ ಎಪ್ಪತ್ತು, ಊಟ ಇಳಿಹೊತ್ತಿಗಾಯಿತು. ಇಷ್ಟು ದಿನ ಮನಾಲಿಯ ಅಂಕಿಗಳನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಈಗ ಕೇಳುವವಳು ಹೀಗೆ ಕೇಳುತ್ತಿದ್ದಳು. ಕಡಿಮೆ ಮಾಡಿ ಹೇಳಲೇ ಎಂದು ಎಷ್ಟು ಸಲ ಅನ್ನಿಸಿತೋ! ಆದರೆ ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ.

ಹತ್ತನೆಯ ದಿನ ಇನ್ನೂರಾ ನಲವತ್ತೆಂಟು. ಭೀಮಗೊಂಡನ ಹೊಲದ ಮೂರು ಪಟ್ಟು. ಫೋಟೋ ಕಳಿಸಿದ ಕೂಡಲೇ ಸರ್ ಉತ್ತರಿಸಿದರು, "ಛಾನ್! ಪ್ರಬಂಧ ಬರೆಯಲು ಶುರು ಮಾಡು."

ನಿನ್ನ ಹೊಲ ಗೆದ್ದಿತು ಅಜ್ಜಿ ಎಂದು ಹೇಳಲು ಮನಾಲಿ ಪಡಸಾಲೆಗೆ ಬಂದಳು. ಅಜ್ಜಿ ಕಣ್ಣು ಮುಚ್ಚಿ ಮಣಿ ಎಣಿಸುತ್ತಿದ್ದಳು. ಮನಾಲಿ ಗೋಡೆಗೊರಗಿ ಕಾದಳು. ಹೊತ್ತು ಮುಳುಗಿದರೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸೂರ್ಯ ಕಬ್ಬಿನಾಚೆ ಇಳಿದಾಗ ಅಜ್ಜಿಗೆ ಇನ್ನೂ ಮೂವತ್ತು ಜೀವ ಉಳಿದಿದ್ದವು.