ಮಾರ್ಕ್ಸ್ ಕಾರ್ಡ್ ನೋಡಿ ಕೊಟ್ಟ ಕತ್ತಿ

ಇವತ್ತು ಮಹಾಂತೇಶ ನಗರದಲ್ಲಿ, ದಾಳ ಉರುಳಿಸಿ ಕತೆ ಕಟ್ಟುವ, ನಾನು ನಡೆಸುವ ಆಟಕ್ಕೆ ಹೊಸ ಹುಡುಗಿಯೊಬ್ಬಳು ಅಣ್ಣನ ಜೊತೆ ಬಂದಳು. "ಯಾವ ಪಾತ್ರ ಸುಲಭ ಐತ್ರಿ?" ಎಂದಳು. ಆ ಮಾತಿಗೆ ನನಗೆ ನನ್ನ ಮೊದಲ ಆಟ ನೆನಪಾಯಿತು.

ಚಿಕ್ಕಂದಿನಲ್ಲಿ, ಖಾನಾಪುರದಲ್ಲಿ ನಮಗೆ ಈ ಆಟ ಕಲಿಸಿದವನು ದೊಡ್ಡಪ್ಪನ ಮಗ. ಅವನು ಪಾತ್ರ ಹಂಚುತ್ತಿದ್ದದ್ದು ಮಾರ್ಕ್ಸ್ ಕಾರ್ಡ್ ನೋಡಿ. ನಾನು ಮಂತ್ರವಾದಿ ಆಗುತ್ತೇನೆಂದೆ.

"ಗಣಿತದಾಗ ಹನ್ನೊಂದು! ಮಂತ್ರಕ್ಕ ತಲಿ ಬೇಕಲೇ. ಕತ್ತಿ ಹಿಡದು ಮುಂದ ನಿಂದರು" ಎಂದ ಅವನು.

ಮಂಚದ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ದೊಡ್ಡಪ್ಪ ತಲೆ ಎತ್ತದೆ, "ಖರೇ ಐತಿ, ಅಂವಾ ಹೊಡತ ತಿನ್ನಾಕ ಲಾಯಕ್ಕು" ಎಂದರು. ಅಪ್ಪನೂ ನಕ್ಕ. ಆ ವರ್ಷವೇ ಶಾಲೆ ಬಿಟ್ಟೆ. ಯಾರೂ ತಡೆಯಲಿಲ್ಲ.

ಇವತ್ತು ಈ ಹುಡುಗಿಗೆ ಹೇಳಿದೆ: "ಸುಲಭದ್ದು ಬಿಡವಾ. ನಿನಗ ಏನಾಗಬೇಕು, ಅದನ್ನ ಹೇಳು."

"ಆಕಿಗೇನ್ ತಿಳೀತೈತ್ರಿ, ಏನರ ಸಣ್ಣದು ಕೊಡ್ರಿ" ಎಂದ ಅವಳ ಅಣ್ಣ.

ಉತ್ತರ ಹೇಳಲು ತೆರೆದ ಬಾಯಿಯನ್ನು ಅವಳು ಹಾಗೇ ಮುಚ್ಚಿಕೊಂಡಳು.